ನೋಟಿನ ಹಿಂದೆ ಯಾರ ಬೆವರು?

1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಮಂಡಳಿಯೊಂದನ್ನು ರಚಿಸಿತ್ತು. ಡಿ.ಆರ್. ಗಾಡ್ಗೀಳ್, ವಿ.ಕೆ.ಆರ್.ವಿ. ರಾವ್, ಸಿ.ಎನ್. ವಕೀಲ್ ಅವರಂಥ ಘಟಾನುಘಟಿಗಳು ಅದರಲ್ಲಿದ್ದರು. ಮಂಡಳಿ ಕರಡಿನ ದಾರಿಯನ್ನು ಒಪ್ಪಿತು. ಒಬ್ಬರು ಮಾತ್ರ ಒಪ್ಪದೆ, ತಮ್ಮ ಕಾರಣಗಳನ್ನೆಲ್ಲ ವಿವರಿಸಿ ಭಿನ್ನಮತದ ಟಿಪ್ಪಣಿ ಬರೆದುಕೊಟ್ಟರು. ಅವರು ಬಿ.ಆರ್. ಶೆಣೈ.

ಬೆಳ್ಳಿಕೋತ್ ರಘುನಾಥ ಶೆಣೈ ಹುಟ್ಟಿದ್ದು 1905ರ ಜೂನ್ 3ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ. ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1931ರಲ್ಲಿ ಉದಾರವಾದಿ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಯೆಕ್ ಅಲ್ಲಿ ನೀಡಿದ ಉಪನ್ಯಾಸಗಳನ್ನು ಕೇಳಿದರು. ಮುಂದೆ ರಿಸರ್ವ್ ಬ್ಯಾಂಕಿನಲ್ಲಿ ದುಡಿದರು. ಆಮೇಲೆ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಸಮಾಜ ವಿಜ್ಞಾನ ವಿಭಾಗವನ್ನು ಕಟ್ಟುತ್ತ ಬಹುಕಾಲ ಪಾಠ ಹೇಳಿದರು.

1956ರಲ್ಲಿ ಅಂತಿಮಗೊಂಡ ಯೋಜನೆಯಲ್ಲಿ ಸರ್ಕಾರಿ ವಲಯದ ವೆಚ್ಚ 4,800 ಕೋಟಿ ರೂಪಾಯಿ. ಅದರಲ್ಲಿ 1,200 ಕೋಟಿ, ಅಂದರೆ ಕಾಲು ಭಾಗ, ಕೊರತೆ ಹಣಕಾಸಿನಿಂದ ಬರಬೇಕಿತ್ತು. ತೆರಿಗೆಯೂ ಅಲ್ಲದ, ಜನರ ಉಳಿತಾಯದಿಂದ ಎತ್ತಿದ ಸಾಲವೂ ಅಲ್ಲದ ಹಣ ಅದು. ಬಹುಮಟ್ಟಿಗೆ ಹೊಸದಾಗಿ ಸೃಷ್ಟಿಸಿದ್ದು. ನೋಟು ಹೆಚ್ಚಿಸಿದ ಮಾತ್ರಕ್ಕೆ ಕಬ್ಬಿಣ, ಸಿಮೆಂಟು, ಜೋಳ ಹೆಚ್ಚುವುದಿಲ್ಲ. ಜನ ನಿಜವಾಗಿ ಎಷ್ಟು ಉಳಿಸುತ್ತಾರೋ ಅಷ್ಟನ್ನೇ ನಾಡು ಹೂಡಬಲ್ಲದು ಎಂಬುದು ಶೆಣೈ ಅವರ ವಾದ. ಮಿತಿ ಮೀರಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಕರಗುತ್ತದೆ, ಆಮೇಲೆ ಒಂದು ನಿಯಂತ್ರಣ ಇನ್ನೊಂದನ್ನು ಎಳೆದು ತರುತ್ತದೆ ಎಂದು ಅವರು ಎಚ್ಚರಿಸಿದ್ದರು.

ಇದು ಲೆಕ್ಕದ ಪ್ರಶ್ನೆ ಎಂದು ಅರ್ಥಶಾಸ್ತ್ರದ ಪುಸ್ತಕಗಳು ಹೇಳಬಹುದು. ಕನ್ನಡದ ಓದುಗನಿಗೆ ಅದರೊಳಗೆ ಇನ್ನೊಂದು ಪ್ರಶ್ನೆ ಕಾಣಬೇಕು. ಹನ್ನೆರಡನೇ ಶತಮಾನದ ಶರಣರು ಅದನ್ನು ಕೇಳಿದ್ದರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಕಳಿಸಿದಳು. ಕದ್ದದ್ದಲ್ಲ, ಕಸಿದದ್ದಲ್ಲ, ಆದರೂ ಆಕೆಗೆ ಅದು ಸತ್ಯಶುದ್ಧವಾಗಿ ಕಾಣಲಿಲ್ಲ. ದುಡಿಮೆಯ ಹಿಂದೆ ಅಗತ್ಯವೂ ಪ್ರಾಮಾಣಿಕತೆಯೂ ಇರಬೇಕೆಂಬ ಆ ಕಟ್ಟಳೆಯನ್ನು ಒಬ್ಬ ಬಡ ಗೃಹಸ್ಥನಿಗೆ ಹೇಳಿದ ನಾಡು, ದೊರೆಗೂ ಅದನ್ನೇ ಹೇಳಬೇಕಲ್ಲವೆ? ಬೆವರಿಲ್ಲದೆ ಸೃಷ್ಟಿಯಾದ ನೋಟು ಪೇಟೆಗೆ ಹೋಗಿ ಬೆವರು ಸುರಿಸಿದವನ ಜೋಳವನ್ನು ಕೊಳ್ಳುತ್ತದೆ. ಬೆಲೆ ಏರಿದಾಗ ಹೊಲ, ಮನೆ, ಚಿನ್ನ ಇದ್ದವನು ತಡೆದುಕೊಳ್ಳುತ್ತಾನೆ. ಸೆರಗಿನ ಗಂಟಿನಲ್ಲಿ ನಾಲ್ಕು ಕಾಸು ಕಟ್ಟಿಟ್ಟುಕೊಂಡ ಕೂಲಿ ಹೆಣ್ಣುಮಗಳು ಕಳೆದುಕೊಳ್ಳುತ್ತಾಳೆ. ಆಕೆಯನ್ನು ಯಾರೂ ಕೇಳಿರುವುದಿಲ್ಲ.

ಇದಕ್ಕೆ ಎದುರು ವಾದವೂ ಶರಣರ ಬಳಿಯೇ ಇದೆ. ಕಾಯಕದ ಜೊತೆ ದಾಸೋಹವೂ ಉಂಟು. ಗಳಿಸಿದ್ದೆಲ್ಲ ನನ್ನದೇ ಎನ್ನುವವನು ಭಕ್ತನಲ್ಲ. ಹಾಗಿರುವಾಗ ಅಣೆಕಟ್ಟು, ಶಾಲೆ, ಉಕ್ಕಿನ ಕಾರ್ಖಾನೆಗಳಿಗಾಗಿ ಸರ್ಕಾರ ಎಲ್ಲರಿಂದ ಕೂಡಿಸಿದರೆ ತಪ್ಪೇನು? ತಪ್ಪಿಲ್ಲ, ಅದನ್ನು ಕೇಳಿ ಕೂಡಿಸಿದರೆ.

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ, ಒಪ್ಪಿ ಕೊಡುವುದಕ್ಕೂ ಕೇಳದೆ ಕಳೆದುಕೊಳ್ಳುವುದಕ್ಕೂ ಇರುವ ಈ ಭೇದ ಪ್ರತಿ ವರ್ಷ ಕಣ್ಣಿಗೆ ಕಾಣುತ್ತದೆ. ಮಾಘ ಮಾಸದ ಭಾರತ ಹುಣ್ಣಿಮೆಯ ಹೊತ್ತಿಗೆ ಮಾಯಕ್ಕದೇವಿಯ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರಗಳ ಊರೂರಿನಿಂದ ಭಕ್ತರು ಬರುತ್ತಾರೆ. ಎಷ್ಟೋ ಮನೆತನದವರು ಇಂದಿಗೂ ಚಕ್ಕಡಿ ಹೂಡಿಕೊಂಡೇ ಬರುತ್ತಾರೆ. ಯಾರು ಏನು ಹರಕೆ ಹೊತ್ತರು, ಎಷ್ಟು ನೈವೇದ್ಯ ಮಾಡಿದರು, ಎಷ್ಟು ಮಂದಿಗೆ ಊಟ ಹಾಕಿದರು ಎಂಬುದು ಅವರವರ ನಿರ್ಧಾರ. ಹೊತ್ತವನೇ ತೀರಿಸುತ್ತಾನೆ. ತೆರಿಗೆ ಹರಕೆಯಲ್ಲ, ನಿಜ. ಆದರೆ ಅದಕ್ಕೂ ಜನಪ್ರತಿನಿಧಿಗಳ ಸಭೆಯ ಒಪ್ಪಿಗೆ ಬೇಕು, ಎಷ್ಟು ಹೋಯಿತೆಂದು ಕೊಟ್ಟವನಿಗೆ ಗೊತ್ತಿರುತ್ತದೆ. ಹಣದುಬ್ಬರಕ್ಕೆ ಈ ಎರಡೂ ಇಲ್ಲ.

ಶೆಣೈ ಮಾತನ್ನು ದೆಹಲಿ ಬದಿಗಿಟ್ಟಿತು. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾಗಿ, ಮರುವರ್ಷ ಭಾರತದ ನೆರವಿಗೆಂದೇ ಸಾಲ ಕೊಡುವ ರಾಷ್ಟ್ರಗಳ ಕೂಟ ಸೇರಬೇಕಾಯಿತು. 1966ರ ಜೂನ್ 6ರಂದು ರೂಪಾಯಿ ಅಪಮೌಲ್ಯಗೊಂಡು, 4.76 ರೂಪಾಯಿಗೆ ಸಿಗುತ್ತಿದ್ದ ಡಾಲರ್ 7.50ಕ್ಕೆ ಏರಿತು. ಯುದ್ಧ, ಬರಗಾಲಗಳ ಪಾಲೂ ಇದರಲ್ಲಿತ್ತು. ಎಲ್ಲವನ್ನೂ ಯೋಜನೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಎಚ್ಚರಿಕೆ ಬಂದಿತ್ತು, ಬರಹದಲ್ಲಿತ್ತು. 1978ರಲ್ಲಿ ಶೆಣೈ ತೀರಿಕೊಂಡಾಗ ಲೈಸೆನ್ಸು, ಪರ್ಮಿಟ್ಟುಗಳ ವ್ಯವಸ್ಥೆ ಹಾಗೆಯೇ ನಿಂತಿತ್ತು. ಅದನ್ನು ಸಡಿಲಿಸಿದ 1991ರ ಬದಲಾವಣೆಯನ್ನು ಅವರು ನೋಡಲಿಲ್ಲ.

ಗೆಲ್ಲದ ಗುರುವಿನಿಂದ ಉಳಿಯುವುದೇನು? ಈ ಪ್ರಶ್ನೆಗೆ ಪೋಲೆಂಡಿನಲ್ಲೊಂದು ಜೊತೆ ಸಿಗುತ್ತದೆ. ಕ್ರಾಕುಫ್ ನಗರದ ಯಾಗೆಲೋನಿಯನ್ ವಿಶ್ವವಿದ್ಯಾಲಯದಲ್ಲಿ ಆಡಮ್ ಕ್ಷಿಜಾನೋವ್ಸ್ಕಿ (1873–1963) ಉದಾರವಾದಿ ಅರ್ಥಶಾಸ್ತ್ರದ ಪರಂಪರೆಯೊಂದನ್ನು ಬೆಳೆಸಿದರು. ಅವರ ಶಿಷ್ಯ ಆಡಮ್ ಹೈಡೆಲ್ ಅದೇ ದಾರಿಯಲ್ಲಿ ನಡೆದರು. 1941ರ ಮಾರ್ಚ್‌ನಲ್ಲಿ ನಾಜಿಗಳು ಅವರನ್ನು ಆಶ್ವಿಟ್ಸ್ ಶಿಬಿರದಲ್ಲಿ ಕೊಂದರು. ಅದೇ ಗುರುವಿನ ಕೈಕೆಳಗೆ 1928ರಲ್ಲಿ ಡಾಕ್ಟರೇಟ್ ಪಡೆದ ಓಸ್ಕರ್ ಲಾಂಗೆ ಸಮಾಜವಾದಿಯಾದರು. ಎರಡನೇ ಯೋಜನೆಯ ತಯಾರಿಯ ಕಾಲದಲ್ಲಿ ಅದರ ಕರಡನ್ನು ರೂಪಿಸಿದ ಪಿ.ಸಿ. ಮಹಲನೋಬಿಸ್ ತಮ್ಮ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಕರೆಸಿಕೊಂಡ ವಿದೇಶಿ ತಜ್ಞರಲ್ಲಿ ಈ ಲಾಂಗೆಯೂ ಒಬ್ಬರು. ಪೋಲೆಂಡಿನ ಉದಾರವಾದಿಯ ಶಿಷ್ಯ ಯೋಜನೆಗೆ ಸಲಹೆ ಕೊಡಲು ಬಂದ ಕಾಲದಲ್ಲಿಯೇ, ಅದನ್ನು ಪ್ರಶ್ನಿಸಿದ ಉದಾರವಾದಿ ನಮ್ಮ ಕರಾವಳಿಯವನು. ಶಿಷ್ಯ ತನ್ನಂತೆಯೇ ಯೋಚಿಸಬೇಕೆಂದು ಗುರು ಬಯಸಿದ್ದರೆ ಲಾಂಗೆ ಆ ಗರಡಿಯಿಂದ ಹೊರಬರುತ್ತಿರಲಿಲ್ಲ. ಸ್ವಾತಂತ್ರ್ಯವನ್ನು ಬೋಧಿಸುವವನು ಅದನ್ನು ಮೊದಲು ಕೊಡಬೇಕಾದದ್ದು ಎದುರಿಗೆ ಕೂತ ವಿದ್ಯಾರ್ಥಿಗೆ. ಶೆಣೈ ಮನೆಯಲ್ಲಿ ಆ ಪಾಠ ಮುಂದುವರಿಯಿತು: ಮಗಳು ಸುಧಾ ಶೆಣೈ (1943–2008) ಹಯೆಕ್ ಪರಂಪರೆಯ ಅರ್ಥಶಾಸ್ತ್ರಜ್ಞೆಯಾಗಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು.

ಚಿಂಚಲಿಯ ಸುತ್ತ, ಕೃಷ್ಣೆಯ ಬಯಲಿನಲ್ಲಿ, ಸರ್ಕಾರದ ನಿಯಂತ್ರಣ ಮತ್ತು ದುಡಿಯುವವನ ಸ್ವಾತಂತ್ರ್ಯದ ಈ ಚರ್ಚೆ ಕಬ್ಬಿನ ರೂಪದಲ್ಲಿ ಬದುಕಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬಿಗೆ ಕನಿಷ್ಠ ದರ ಗೊತ್ತುಮಾಡುವುದು ಕೇಂದ್ರ. ಕಾರ್ಖಾನೆ 14 ದಿನದೊಳಗೆ ಹಣ ಕೊಡಬೇಕು. ಯಾವ ಪ್ರದೇಶದ ಕಬ್ಬು ಯಾವ ಕಾರ್ಖಾನೆಗೆ ಎಂದು ಕಾಯ್ದಿರಿಸುವ ಅಧಿಕಾರವೂ ಸರ್ಕಾರಕ್ಕಿದೆ. ಕಡಿದ ಕಬ್ಬು ಒಣಗುತ್ತ ತೂಕ ಕಳೆದುಕೊಳ್ಳುವಾಗ ರೈತನಿಗೆ ಚೌಕಾಸಿಯ ಬಲ ಎಲ್ಲಿಂದ ಬರಬೇಕು? ಪೇಟೆಗೆ ಬಿಟ್ಟುಬಿಡಿ ಎನ್ನುವ ಉದಾರವಾದಿ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರ. ಕೊಳ್ಳುವವನು ಒಬ್ಬನೇ ಆದಲ್ಲಿ ಮಾರುವವನ ಸ್ವಾತಂತ್ರ್ಯ ಕಾಗದದ ಮೇಲಿನದು. ಆದರೆ ಕೊಳ್ಳುವವನನ್ನು ಒಬ್ಬನೇ ಮಾಡುವುದರಲ್ಲಿ ಆ ಕಾಯ್ದಿರಿಸುವಿಕೆಯ ಕೈಯೂ ಇದೆ. 2012ರಲ್ಲಿ ಸಿ. ರಂಗರಾಜನ್ ಸಮಿತಿ ಅದನ್ನೂ, ಕಾರ್ಖಾನೆಗಳ ನಡುವಿನ ಕನಿಷ್ಠ ಅಂತರದ ನಿಯಮವನ್ನೂ ಕೈಬಿಡಬೇಕೆಂದು ಶಿಫಾರಸು ಮಾಡಿತು. ಮರುವರ್ಷ ಕೇಂದ್ರವು ಕಾರ್ಖಾನೆಗಳನ್ನು, ಸರ್ಕಾರಕ್ಕೆ ಅಗ್ಗದ ದರದಲ್ಲಿ ಕೊಡಬೇಕಿದ್ದ ಲೆವಿ ಸಕ್ಕರೆಯ ಹೊರೆಯಿಂದ ಬಿಡಿಸಿತು. ಬೆಳೆದ ಕಬ್ಬನ್ನು ಯಾರಿಗೆ ಕೊಡಬೇಕೆಂಬ ನಿರ್ಧಾರವನ್ನು ಬೆಳೆದವನ ಕೈಗೇ ಒಪ್ಪಿಸುವ ವಿಷಯದಲ್ಲಿ ಮಾತ್ರ ಅಂಥ ಆತುರ ಕಾಣಲಿಲ್ಲ. ಕಾರ್ಖಾನೆಗೆ ಸಿಕ್ಕ ಬಿಡುಗಡೆ ರೈತನಿಗೇಕೆ ಸಿಗಬಾರದು ಎಂದು ರಾಯಬಾಗ, ಅಥಣಿ, ಚಿಕ್ಕೋಡಿಯ ಬೆಳೆಗಾರ ಕೇಳಿದರೆ, ಆತ ಶೆಣೈ ಹೆಸರನ್ನೇ ಕೇಳಿರದಿದ್ದರೂ ಅವರ ಟಿಪ್ಪಣಿಯನ್ನೇ ಮುಂದುವರಿಸುತ್ತಿರುತ್ತಾನೆ.