ಎಷ್ಟಿದ್ದರೆ ಸಾಕು, ಯಾರಿಗೆ ಸಾಕು?

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಕ್ಲಾರೆಂಡನ್ ಎಂಬ ಕೌಂಟಿಯಿದೆ. ಹತ್ತಿ ಬೆಳೆದು ಬದುಕುತ್ತಿದ್ದ ಬಡ ಹಳ್ಳಿಗಾಡು. 1940ರ ದಶಕದಲ್ಲಿ ಅಲ್ಲಿ ಬಿಳಿಯರ ಮಕ್ಕಳನ್ನು ಶಾಲೆಗೆ ಕರೆದೊಯ್ಯಲು 30 ಬಸ್ಸುಗಳಿದ್ದವು. ಕಪ್ಪು ಜನರ ಮಕ್ಕಳಿಗೆ ಒಂದೂ ಇರಲಿಲ್ಲ. ಅವರಲ್ಲಿ ಅನೇಕರು ದಿನವೂ ಮೈಲಿಗಟ್ಟಲೆ ನಡೆಯುತ್ತಿದ್ದರು. ತಂದೆತಾಯಿಗಳೇ ಚಂದಾ ಎತ್ತಿ ಹಳೆಯದೊಂದು ಬಸ್ಸು ಕೊಂಡರು. ಅದು ಮೇಲಿಂದ ಮೇಲೆ ಕೆಟ್ಟು ನಿಲ್ಲುತ್ತಿತ್ತು. ಮೆಥಡಿಸ್ಟ್ ಪಾದ್ರಿ ಜೋಸೆಫ್ ಡಿಲೇನ್ ಅಧಿಕಾರಿಗಳ ಬಳಿ ಹೋಗಿ ನೆರವು ಕೇಳಿದರು. ಕಪ್ಪು ಜನ ಕಟ್ಟುವ ತೆರಿಗೆ ಕಡಿಮೆ, ಅವರ ಮಕ್ಕಳಿಗಾಗಿ ಬಿಳಿಯರ ಮೇಲೆ ಹೊರೆ ಹಾಕಲಾಗದು ಎಂಬ ಉತ್ತರ ಬಂತು.

ಆಗ ಡಿಲೇನ್ ಮತ್ತು ತಂದೆತಾಯಿಗಳು ಶಾಲೆಗಳನ್ನು ಪಕ್ಕಪಕ್ಕಕ್ಕಿಟ್ಟು ಲೆಕ್ಕ ಹಾಕತೊಡಗಿದರು. 1949–50ರಲ್ಲಿ ಕೌಂಟಿ ಒಬ್ಬ ಬಿಳಿಯ ವಿದ್ಯಾರ್ಥಿಗೆ 179 ಡಾಲರ್ ಖರ್ಚು ಮಾಡಿದ್ದರೆ ಕಪ್ಪು ವಿದ್ಯಾರ್ಥಿಗೆ ಮಾಡಿದ್ದು 43 ಡಾಲರ್. ಕಪ್ಪು ಮಕ್ಕಳ 61 ಶಾಲೆಗಳ ಒಟ್ಟು ಬೆಲೆ ಬಿಳಿಯರ 12 ಶಾಲೆಗಳ ಬೆಲೆಯ ಮೂರನೇ ಒಂದು ಪಾಲೂ ಆಗುತ್ತಿರಲಿಲ್ಲ. ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಸಮಾನ ಸೌಲಭ್ಯ ಕೋರಿದ ಅರ್ಜಿಗೆ ಸಹಿ ಹಾಕಿದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಬಂಕಿನ ಕೆಲಸ ಕಳೆದುಕೊಂಡರು, ಅವರ ಹೆಂಡತಿ ಎಲೈಜಾ ಕೂಡ ಕೆಲಸ ಕಳೆದುಕೊಂಡರು. ಡಿಲೇನ್ ಅವರ ಮನೆ ಸುಟ್ಟುಹೋಯಿತು.

1951ರ ಮೇ ತಿಂಗಳಲ್ಲಿ, ಈ ತಂದೆತಾಯಿಗಳು ಶಾಲಾ ಅಧಿಕಾರಿಗಳ ವಿರುದ್ಧ ಹೂಡಿದ ‘ಬ್ರಿಗ್ಸ್ ವರ್ಸಸ್ ಎಲಿಯಟ್’ ಮೊಕದ್ದಮೆ ಚಾರ್ಲ್‌ಸ್ಟನ್ ನಗರದ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂತು. ಎದುರು ಪಕ್ಷದ ವಕೀಲರು ಮೊದಲ ಮಾತಿನಲ್ಲೇ ಶಾಲೆಗಳು ಸಮವಾಗಿಲ್ಲವೆಂದು ಒಪ್ಪಿಕೊಂಡುಬಿಟ್ಟರು. ಹೊಸ ಕಟ್ಟಡ ಕಟ್ಟಿಸಿಕೊಡುತ್ತೇವೆ, ಸ್ವಲ್ಪ ಕಾಲಾವಕಾಶ ಕೊಡಿ ಎಂಬುದು ಅವರ ವಾದ. ರಾಜ್ಯ ಸರ್ಕಾರ ಅದಕ್ಕೆಂದೇ ಶೇಕಡಾ 3ರ ಮಾರಾಟ ತೆರಿಗೆಯನ್ನೂ ತಂದಿತು. ಮೂವರು ನ್ಯಾಯಾಧೀಶರಲ್ಲಿ ಇಬ್ಬರಿಗೆ ಅಷ್ಟು ಸಾಕೆನಿಸಿತು.

ಮೂರನೆಯವರಾದ ವೇಟೀಸ್ ವೇರಿಂಗ್ ಒಪ್ಪಲಿಲ್ಲ. ಬೇರ್ಪಡಿಸುವುದೇ ಅಸಮಾನತೆ ಎಂದು ಅವರು ಭಿನ್ನ ತೀರ್ಪು ಬರೆದರು.

ವೇರಿಂಗ್ ಅವರ ಮಾತಿಗೆ ಆಧಾರ ಗೋಡೆ, ಬೆಂಚುಗಳಲ್ಲಿರಲಿಲ್ಲ, ಮಕ್ಕಳ ಮನಸ್ಸಿನಲ್ಲಿತ್ತು. ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಈ ಕೌಂಟಿಯ 16 ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟಿದ್ದರು. ಎಲ್ಲವೂ ಒಂದೇ ಅಚ್ಚಿನವು, ಮೈಬಣ್ಣ ಮಾತ್ರ ಬೇರೆ. ಚೆನ್ನಾಗಿರುವ ಗೊಂಬೆ ಕೊಡು ಎಂದಾಗ ಹೆಚ್ಚಿನವರು ಬಿಳಿಯದನ್ನು ಕೊಟ್ಟರು. ಕೆಟ್ಟದು ಯಾವುದು ಎಂದು ಕೇಳಿದರೆ ಹೆಚ್ಚಿನ ಕೈಗಳು ಕಂದು ಗೊಂಬೆಯತ್ತ ಹೋದವು. ಕೊನೆಯಲ್ಲಿ ನಿನ್ನ ಹಾಗಿರುವುದು ಯಾವುದು ಎಂಬ ಪ್ರಶ್ನೆ. ಎಷ್ಟು ಒಳ್ಳೆಯ ಕಟ್ಟಡ ಕಟ್ಟಿಸಿಕೊಟ್ಟರೂ ಆ ಮಗುವಿಗೆ ಈ ಪ್ರಶ್ನೆ ತಪ್ಪುತ್ತಿರಲಿಲ್ಲ.

1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಾಲೆಗಳಲ್ಲಿ ಬಣ್ಣದ ಆಧಾರದ ಬೇರ್ಪಡೆ ಸಲ್ಲದೆಂದ ‘ಬ್ರೌನ್’ ತೀರ್ಪಿನಲ್ಲಿ, ವೇರಿಂಗ್ ಹೇಳಿದ್ದನ್ನೇ ಎತ್ತಿಹಿಡಿಯಿತು. ಬ್ರಿಗ್ಸ್ ಮೊಕದ್ದಮೆಯೂ ಅದರಲ್ಲಿ ಸೇರಿತ್ತು. ಆದರೆ ಕ್ಲಾರೆಂಡನ್ನಿನ ಸಮರ್ಟನ್ ಊರಿನಲ್ಲಿ ಶಾಲೆಯ ಬಾಗಿಲು ಎಲ್ಲರಿಗೂ ತೆರೆಯುವ ಹೊತ್ತಿಗೆ ಬಿಳಿಯರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸತೊಡಗಿದ್ದರು. ಸರ್ಕಾರಿ ಶಾಲೆಯಲ್ಲಿ ಬಹುಮಟ್ಟಿಗೆ ಕಪ್ಪು ಮಕ್ಕಳೇ ಉಳಿದರು.

ಇದಾದ ಮೇಲೆ ಹೋರಾಟದ ಭಾಷೆ ಬದಲಾಯಿತು. 1993ರಲ್ಲಿ ರಾಜ್ಯದ ಬಡ ಗ್ರಾಮೀಣ ಶಾಲಾ ಜಿಲ್ಲೆಗಳು ಸರ್ಕಾರದ ವಿರುದ್ಧ ಕೋರ್ಟಿಗೆ ಹೋದವು. 1999ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ಪ್ರತಿ ಮಗುವಿಗೂ ಕನಿಷ್ಠ ಮಟ್ಟಿಗಾದರೂ ಸಾಲುವಷ್ಟು ಶಿಕ್ಷಣದ ಅವಕಾಶ ಸಿಗಬೇಕು. ಅಂದರೆ ಪಕ್ಕದ ಜಿಲ್ಲೆಯ ಶಾಲೆ ಹೇಗಿದೆ ಎಂಬ ಹೋಲಿಕೆ ಬೇಡ, ನಿನ್ನದು ಕನಿಷ್ಠ ಮಟ್ಟ ಮುಟ್ಟಿದೆಯೇ ಎಂಬುದಷ್ಟೇ ಮುಖ್ಯ.

ತತ್ತ್ವಶಾಸ್ತ್ರದಲ್ಲಿ ಈ ನಿಲುವಿಗೆ ಗಟ್ಟಿ ಬೆಂಬಲವಿದೆ. ಎಲ್ಲರಿಗೂ ಒಂದೇ ಅಳತೆ ಸಿಗುವುದು ನೀತಿಯ ಪ್ರಶ್ನೆಯಲ್ಲ, ಪ್ರತಿಯೊಬ್ಬರಿಗೂ ಸಾಕಾಗುವಷ್ಟು ಸಿಗುವುದು ಮುಖ್ಯ ಎಂದು ಹ್ಯಾರಿ ಫ್ರಾಂಕ್‌ಫರ್ಟ್ 1987ರಲ್ಲಿ ವಾದಿಸಿದರು. ಪಕ್ಕದವನ ತಟ್ಟೆ ನೋಡುತ್ತ ಕೂರುವವನು ತನಗೆ ನಿಜವಾಗಿ ಬೇಕಾದದ್ದನ್ನೇ ಮರೆಯುತ್ತಾನೆ ಎಂಬ ಎಚ್ಚರಿಕೆ ಅವರದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಶಿಕ್ಷಣ ಊಟದಂತಲ್ಲ. ಕಾಲೇಜಿನ ಸೀಟಿಗೆ, ಕೆಲಸಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಅಲ್ಲಿ ಒಬ್ಬರಿಗೆ ಸಿಕ್ಕ ಹೆಚ್ಚಿನ ಕಲಿಕೆ ಇನ್ನೊಬ್ಬರ ಕಲಿಕೆಯ ಬೆಲೆ ಇಳಿಸುತ್ತದೆ ಎಂದು ತತ್ತ್ವಜ್ಞರಾದ ಹ್ಯಾರಿ ಬ್ರಿಗ್‌ಹೌಸ್ ಮತ್ತು ಆಡಮ್ ಸ್ವಿಫ್ಟ್ ತೋರಿಸಿದ್ದಾರೆ.

ದಕ್ಷಿಣ ಕೆರೊಲಿನಾದ ಡಿಲನ್ ಊರಿನ ಜೆ.ವಿ. ಮಾರ್ಟಿನ್ ಶಾಲೆಯನ್ನು ನೋಡಿದರೆ ‘ಸಾಕು’ ಎಂಬ ಅಳತೆಯ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ಹನ್ನೆರಡು ಹದಿಮೂರರ ಆಸುಪಾಸಿನ ಮಕ್ಕಳು ಓದುತ್ತಿದ್ದ ಆ ಮಾಧ್ಯಮಿಕ ಶಾಲೆಯ ಒಂದು ಭಾಗ ಕಟ್ಟಿದ್ದು 1896ರಲ್ಲಿ. ಪಕ್ಕದಲ್ಲೇ ರೈಲು ಹಳಿ. ರೈಲು ಬಂದಾಗಲೆಲ್ಲ ಶಿಕ್ಷಕರು ಪಾಠ ನಿಲ್ಲಿಸಿ, ಅದು ದಾಟಿಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬೇಕಿತ್ತು. 1993ರ ಮೊಕದ್ದಮೆಯಲ್ಲಿ ಕೆಳ ನ್ಯಾಯಾಲಯ 2005ರಲ್ಲಿ ಇಂಥ ಜಿಲ್ಲೆಗಳ ಕಟ್ಟಡಗಳು ಕನಿಷ್ಠ ಮಟ್ಟಕ್ಕೆ ಸಾಲುತ್ತವೆ ಎಂದಿತ್ತು. 2009ರಲ್ಲಿ ಅಲ್ಲಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ನೆರವು ಕೋರಿ ಅಮೆರಿಕದ ಸಂಸತ್ತಿಗೇ ಪತ್ರ ಬರೆದಳು. ಅಧ್ಯಕ್ಷ ಒಬಾಮ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಅದನ್ನು ಪ್ರಸ್ತಾಪಿಸಿದರು. 2012ರಲ್ಲಿ ಡಿಲನ್ನಿಗೆ ಹೊಸ ಶಾಲೆ ಬಂತು. ಸಾಕು ಎಂಬ ಗೆರೆ ಎಳೆದವರು ರೈಲಿನ ಸದ್ದಿನ ನಡುವೆ ಪಾಠ ಕೇಳುತ್ತಿದ್ದ ಮಕ್ಕಳಲ್ಲ. ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಬೇಕಿದ್ದರೆ ಅವರು ಅದೇ ಗೆರೆ ಎಳೆಯುತ್ತಿದ್ದರೇ?

ತತ್ತ್ವಜ್ಞೆ ಎಲಿಜಬೆತ್ ಆಂಡರ್ಸನ್ 2007ರಲ್ಲಿ ಎತ್ತಿದ ವಿಚಾರ ಇಲ್ಲಿ ನೆರವಿಗೆ ಬರುತ್ತದೆ. ಪ್ರಜಾಪ್ರಭುತ್ವದಲ್ಲಿ ಅಧಿಕಾರದ ಜಾಗಕ್ಕೆ ಬರುವವರು ಎಲ್ಲ ಬಗೆಯ ಜನರನ್ನು ಅರಿತವರಾಗಿರಬೇಕು. ಬೇರೆ ಬೇರೆ ಬೆಳೆದವರಿಗೆ ಆ ಅರಿವು ಬರುವುದಿಲ್ಲ ಎಂಬುದು ಅವರ ವಾದ. ಹಾಗಾದರೆ ಕೊರತೆ ಬಡ ಶಾಲೆಯಲ್ಲಿ ಮಾತ್ರವಿಲ್ಲ. ಎಲ್ಲ ಸೌಲಭ್ಯಗಳ ನಡುವೆ ಒಂದೇ ಬಗೆಯ ಮಕ್ಕಳು ಕುಳಿತಿರುವ ಶಾಲೆಯೂ ಅಪೂರ್ಣವೇ.

1993ರ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2014ರಲ್ಲಿ ಬಡ ಜಿಲ್ಲೆಗಳ ಪರ ತೀರ್ಪಿತ್ತು, 2017ರಲ್ಲಿ ಅದರ ಮೇಲ್ವಿಚಾರಣೆ ಕೈಬಿಟ್ಟಿತು. ಕ್ಲಾರೆಂಡನ್ನಿನ ಬೇರೆ ಬೇರೆ ಶಾಲಾ ಜಿಲ್ಲೆಗಳು ಈಚೆಗೆ ಒಂದೇ ಆಡಳಿತದಡಿ ಸೇರಿವೆ. ಇನ್ನು ಆ ಕೌಂಟಿಯ ಮಾಧ್ಯಮಿಕ ಶಾಲೆಗಳನ್ನು ಹೋಲಿಸುವವರು ಪರೀಕ್ಷೆಯ ಅಂಕ, ತಲಾ ಖರ್ಚುಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಬೇಕು: ಈ ತರಗತಿಯಲ್ಲಿ ಯಾರ ಮಕ್ಕಳು ಯಾರ ಮಕ್ಕಳ ಪಕ್ಕ ಕುಳಿತಿದ್ದಾರೆ, ಊರಿನ ಯಾರ ಮಕ್ಕಳು ಇಲ್ಲಿಗೆ ಬರುತ್ತಲೇ ಇಲ್ಲ, ಮತ್ತು ಏಕೆ.