ವೈಶಾಖದ ಯಾತ್ರೆಯೂ ಕಡಲಿನ ಮರ್ಯಾದೆಯೂ



ಚೈತ್ರದ ಹುಣ್ಣಿಮೆ ಬಂದಿತೆಂದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಒಟ್ಟಿಗೆ ಮೊದಲಾಗುತ್ತವೆ. ಹಿರಿಯರು ವೈಶಾಖಸ್ನಾನದ ಸಂಕಲ್ಪಕ್ಕೆ ಅಣಿಯಾಗುತ್ತಾರೆ. ಮಕ್ಕಳು ರಜೆ ಬಂದಿತೆಂದು, ಎಲ್ಲಿಗಾದರೂ ಕರೆದೊಯ್ಯಿರೆಂದು ಹಠ ಹಿಡಿಯುತ್ತಾರೆ. ವರ್ಷವಿಡೀ ತಂದೆಗೆ ಕಚೇರಿ, ತಾಯಿಗೆ ಕಚೇರಿಯೊಡನೆ ಅಡಿಗೆಮನೆ, ಮಕ್ಕಳಿಗೆ ಪಾಠದ ಮೇಲೆ ಪಾಠ. ಒಂದು ಮನೆಯವರೆಲ್ಲ ಒಂದೇ ಹೊತ್ತಿಗೆ ಎಲೆಯ ಮುಂದೆ ಕೂಡುವುದೇ ಅಪರೂಪವಾದ ಈ ಕಾಲದಲ್ಲಿ ಕೂಡಿ ದೊರೆಯುವ ಬಿಡುವು ನಾಲ್ಕೇ ದಿನ. ಅಷ್ಟರಲ್ಲಿ ಉಡುಪಿ, ಕೊಲ್ಲೂರು, ಮುರ್ಡೇಶ್ವರ, ಗೋಕರ್ಣ ಎಲ್ಲವೂ ಆಗಬೇಕು. ಮಕ್ಕಳಿಗೆ ಕಡಲೂ ಬೇಕು, ದೋಣಿಯೂ ಬೇಕು. ಇದು ತೀರ್ಥಯಾತ್ರೆಯೋ ವಿಹಾರವೋ ಎಂದು ಕೆಲವು ಹಿರಿಯರು ಬೇಸರಪಡುವುದುಂಟು. ನಮಗೆ ಆ ಬೇಸರವಿಲ್ಲ. ವೈಶಾಖವೇ ಮನೆಯಿಂದ ಹೊರಗೆ ಕರೆಯುವ ಮಾಸ. ಸೂರ್ಯೋದಯಕ್ಕೆ ಮೊದಲು ಸ್ನಾನಕ್ಕೆ ನದಿಗೆ ಹೋಗಬೇಕು, ದಾರಿಹೋಕರಿಗೆ ನೀರು ಕೊಡಬೇಕು, ಬಿಸಿಲಿನಲ್ಲಿ ನಡೆಯುವವರಿಗೆ ಕೊಡೆ ಪಾದರಕ್ಷೆಗಳನ್ನು ಕೊಡಬೇಕು ಎನ್ನುವ ಧರ್ಮವು ಕದವಿಕ್ಕಿಕೊಂಡು ಕುಳಿತವರಿಂದ ನಡೆಯುವಂಥದಲ್ಲ.

ಮುರ್ಡೇಶ್ವರಕ್ಕೆ ವೈಷ್ಣವರಾದ ನಾವೇಕೆ ಹೋಗಬೇಕೆಂದು ಕೇಳುವವರು ಇಂದಿಗೂ ಇದ್ದಾರೆ. ಉಡುಪಿಯಲ್ಲಿ ನಾವು ಮೊದಲು ಚಂದ್ರಮೌಳೀಶ್ವರನ, ಬಳಿಕ ಅನಂತೇಶ್ವರನ ದರ್ಶನ ಮಾಡಿ, ಆಮೇಲೆ ಶ್ರೀಕೃಷ್ಣನ ಮುಂದೆ ನಿಲ್ಲುವ ಸಂಪ್ರದಾಯವನ್ನು ಅವರು ನೆನೆಯಬೇಕು. ಶ್ರೀವಾದಿರಾಜತೀರ್ಥರು ತಮ್ಮ ತೀರ್ಥಪ್ರಬಂಧದಲ್ಲಿ ಗೋಕರ್ಣವನ್ನೂ ಕೊಲ್ಲೂರನ್ನೂ ಆದರದಿಂದ ಸ್ತುತಿಸಿದ್ದಾರೆ. ತಾರತಮ್ಯವನ್ನು ತಿಳಿದು ನಮಿಸುವವರಿಗೆ ಯಾವ ದೇವಾಲಯದ ಬಾಗಿಲೂ ಪರಕೀಯವಲ್ಲ. ಶ್ರೀಹರಿಯ ಪಾದೋದಕವಾದ ಗಂಗೆಯನ್ನು ಶಿರದಲ್ಲಿ ಧರಿಸಿದ ರುದ್ರದೇವರು ಪರಮ ವೈಷ್ಣವರು, ನಮ್ಮ ಮನಸ್ಸಿನ ನಿಯಾಮಕರು. ಅವರಲ್ಲಿ ಕೇಳಬೇಕಾದುದು ಬಡ್ತಿಯನ್ನಲ್ಲ, ಭೂಮಿಯನ್ನಲ್ಲ. ಅಂತರ್ಗತನಾದ ಸಂಕರ್ಷಣನಲ್ಲಿ ನಿಲ್ಲುವ ಮನಸ್ಸನ್ನು. ನಾಲ್ಕು ದಿನವೂ ಕೈಯೊಳಗಿನ ದೂರವಾಣಿಯಿಂದ ಕಣ್ಣೆತ್ತಲಾರದ ನಮಗೆ ಇದಕ್ಕಿಂತ ಸಮಯೋಚಿತವಾದ ಪ್ರಾರ್ಥನೆ ಬೇರೊಂದಿಲ್ಲ.

ಮೂರು ಕಡೆ ಕಡಲಿರುವ ಆ ಗುಡ್ಡಕ್ಕೆ ಕಂದುಕಗಿರಿ ಎಂದು ಹೆಸರು. ಕಂದುಕವೆಂದರೆ ಚೆಂಡು, ಮಕ್ಕಳಿಗೆ ಇದನ್ನು ಹೇಳಿದರೆ ಹೆಸರು ಮರೆಯುವುದಿಲ್ಲ. ಈಗ ಅಲ್ಲಿ 123 ಅಡಿಯ ಶಿವಮೂರ್ತಿಯಿದೆ. 2008ರಲ್ಲಿ ಪೂರ್ಣಗೊಂಡ 20 ಅಂತಸ್ತಿನ ರಾಜಗೋಪುರವಿದೆ. ಲಿಫ್ಟಿನಲ್ಲಿ ಮೇಲೇರಿ ಕಡಲನ್ನು ನೋಡಬಹುದು. ನೋಡಬೇಕಾದುದೇ. ಆದರೆ ದೊಡ್ಡ ಮೂರ್ತಿಯ ಮುಂದೆ ಭಾವಚಿತ್ರ ತೆಗೆದುಕೊಂಡು, ಗರ್ಭಗುಡಿಯ ಸಾಲು ಉದ್ದವಾಗಿದೆಯೆಂದು ಹಾಗೆಯೇ ಹಿಂದಿರುಗುವ ಕುಟುಂಬಗಳೂ ಇವೆ. ಅಷ್ಟು ದೂರ ಬಂದು ಮನೆಯ ಯಜಮಾನರನ್ನು ಕಾಣದೆ ಅಂಗಳದಿಂದಲೇ ಹೊರಟಂತಾಯಿತು.

ಸ್ಥಳಪುರಾಣವು ಎಲ್ಲರಿಗೂ ತಿಳಿದುದೇ. ರಾವಣನು ಆತ್ಮಲಿಂಗವನ್ನು ಪಡೆದು ಲಂಕೆಗೆ ಹೊರಟ, ನೆಲಕ್ಕಿಡಬಾರದೆಂಬ ನಿಯಮ. ಶ್ರೀಹರಿಯು ಚಕ್ರದಿಂದ ಸೂರ್ಯನನ್ನು ಮರೆಮಾಡಲು ಸಂಧ್ಯೆಯಾಯಿತೆಂದು ಭ್ರಮಿಸಿ, ವಟುವೇಷದ ಗಣಪತಿಯ ಕೈಗೆ ಲಿಂಗವನ್ನಿತ್ತು ಅರ್ಘ್ಯಕ್ಕೆ ನಡೆದ. ಗಣಪತಿ ಅದನ್ನು ನೆಲಕ್ಕಿಟ್ಟ, ಅದೇ ಗೋಕರ್ಣವಾಯಿತು. ಕ್ರುದ್ಧನಾದ ರಾವಣನು ಎಸೆದ ಸಂಪುಟ, ಮುಚ್ಚಳ, ದಾರ, ವಸ್ತ್ರಗಳು ಬಿದ್ದೆಡೆಗಳು ಸಜ್ಜೇಶ್ವರ, ಗುಣವಂತೇಶ್ವರ, ಧಾರೇಶ್ವರ, ಮುರ್ಡೇಶ್ವರಗಳಾದವು. ಭಟ್ಕಳದಿಂದ ಹೊನ್ನಾವರ, ಕುಮಟೆಗಳ ಮೇಲೆ ಕಾರವಾರದವರೆಗೆ ಈ ಐದೂ ಕ್ಷೇತ್ರಗಳು ಒಂದೇ ಕರಾವಳಿಯ ದಾರಿಯಲ್ಲಿ ಬರುತ್ತವೆ.

ಈ ಕಥೆಯಲ್ಲಿ ರಾವಣನ ಕೋಪವನ್ನು ಎಲ್ಲರೂ ಹೇಳುತ್ತಾರೆ. ನಮಗೆ ಆಶ್ಚರ್ಯವೆನಿಸುವುದು ಬೇರೊಂದು. ಜನ್ಮವಿಡೀ ತಪಸ್ಸು ಮಾಡಿ ಪಡೆದ ವಸ್ತು ಕೈಯಲ್ಲಿದೆ, ಲಂಕೆ ಇನ್ನೂ ದೂರವಿದೆ, ಅವಸರವೂ ಇದೆ. ಆದರೂ ಸಂಧ್ಯಾಕಾಲ ಬಂದಿತೆಂದು ಆ ರಾಕ್ಷಸನೂ ನಿಂತ! ನಮ್ಮ ಮೋಟಾರು ಚಹಕ್ಕೆ ನಿಲ್ಲುತ್ತದೆ, ಎಳನೀರಿಗೆ ನಿಲ್ಲುತ್ತದೆ, ಸಂಧ್ಯೆಗೆ ನಿಲ್ಲುವುದಿಲ್ಲ. ಉಪನಯನವಾದ ಹುಡುಗನಿಗೆ ಮನೆಯ ಮೂಲೆಯಲ್ಲಿ ಹೇಳಿಕೊಟ್ಟ ಅರ್ಘ್ಯಪ್ರದಾನದ ಅರ್ಥ ತಿಳಿಯಬೇಕಾದರೆ ಪಶ್ಚಿಮದ ಕಡಲಿನಲ್ಲಿ ಇಳಿಯುತ್ತಿರುವ ಸೂರ್ಯನೆದುರು ಒಮ್ಮೆ ಅವನನ್ನು ನಿಲ್ಲಿಸಬೇಕು. ಸಿಹಿನೀರಿನ ತಂಬಿಗೆಯನ್ನೂ ಪಂಚಪಾತ್ರೆಯನ್ನೂ ಜೊತೆಗೊಯ್ಯಿರಿ; ಉಪ್ಪುನೀರು ಆಚಮನಕ್ಕೆ ಸಲ್ಲದು. ಹೆಣ್ಣುಮಕ್ಕಳು ಅದೇ ಹೊತ್ತಿಗೆ ಹಾಡುಗಳನ್ನು ಹೇಳಿಕೊಳ್ಳಲಿ. ಅರ್ಧ ಗಂಟೆಯ ಮಾತು.

ಇನ್ನು ಸಮುದ್ರಸ್ನಾನದ ವಿಚಾರ. ಇದನ್ನು ತುಸು ವಿಸ್ತರಿಸಿಯೇ ಬರೆಯಬೇಕಾಗಿದೆ. ಪರ್ವಕಾಲವಲ್ಲದೆ ಸಮುದ್ರವನ್ನು ಮುಟ್ಟಬಾರದು, ಸೇತುವಿನಲ್ಲಿ ಮಾತ್ರ ಈ ಕಾಲನಿಯಮವಿಲ್ಲ ಎಂಬುದು ಹಿರಿಯರು ಪಾಲಿಸಿಕೊಂಡು ಬಂದ ಶಾಸ್ತ್ರಮರ್ಯಾದೆ. ಅಶ್ವತ್ಥವನ್ನು ಶನಿವಾರ ಮಾತ್ರ ಮುಟ್ಟುವಂತೆಯೇ ಇದು. ಹಾಗಾದರೆ ಹುಣ್ಣಿಮೆ ಅಮಾವಾಸ್ಯೆಗಳಂದು ನಿರ್ಭಯವಾಗಿ ಇಳಿಯಬಹುದೇ? ಪುಣ್ಯಕ್ಕೆ ಅಡ್ಡಿಯಿಲ್ಲ, ಭಯಕ್ಕೆ ಮಾತ್ರ ಕಾರಣವಿದೆ. ಸೂರ್ಯ ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡುವುದರಿಂದ ಆ ದಿನಗಳ ಆಸುಪಾಸಿನಲ್ಲಿಯೇ ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಆದುದರಿಂದ ಪರ್ವಸ್ನಾನವೆಂದರೆ ಸಂಕಲ್ಪ ಮಾಡಿ, ಒಬ್ಬರ ಕೈಯನ್ನೊಬ್ಬರು ಹಿಡಿದು, ಮೊಣಕಾಲುದ್ದದ ನೀರಿನಲ್ಲಿ ತಂಬಿಗೆಯಿಂದ ತಲೆಗೆ ಹೊಯ್ದುಕೊಂಡು ಮೇಲೇರುವುದು. ಈಜಿ ತೋರಿಸುವ ಸ್ಥಳ ಅದಲ್ಲ.

2024ರ ಡಿಸೆಂಬರ್ 10ರ ಸಂಜೆ ಇದೇ ಮುರ್ಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಬಳಿಕ ಕೆಲಕಾಲ ತೀರಕ್ಕೆ ಪ್ರವೇಶವನ್ನೇ ನಿಲ್ಲಿಸಲಾಗಿತ್ತು. ಅದು ಮಳೆಗಾಲವಲ್ಲ, ಹುಣ್ಣಿಮೆಯೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಕಡಲನ್ನೇ ಕಾಣದ ಬಯಲುಸೀಮೆಯ ಮಕ್ಕಳು ಕಡಲನ್ನು ಕಂಡು ಹಿಗ್ಗಿದ್ದರಲ್ಲಿ ತಪ್ಪೇನಿದೆ? ಕರೆದೊಯ್ಯುವ ಹಿರಿಯರಾದ ನಾವು ತಿಳಿದಿರಬೇಕಾದುದನ್ನು ಮಾತ್ರ ಇಲ್ಲಿ ಹೇಳುತ್ತೇವೆ. ದಡಕ್ಕೆ ಬಡಿದ ನೀರು ಹಿಂದಿರುಗುವಾಗ ಕೆಲವೆಡೆ ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ಒಳಗೆ ಎಳೆಯುತ್ತದೆ. ಅಲ್ಲಿ ಅಲೆ ಒಡೆಯದ ಕಾರಣ ಅದೇ ಶಾಂತವಾದ ಜಾಗವೆಂದು ತೋರುತ್ತದೆ. ಸೆಳೆತಕ್ಕೆ ಸಿಕ್ಕವರು ದಡದತ್ತ ಎದುರೀಜಿದರೆ ಬಳಲುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಮೇ ತಿಂಗಳ ಕೊನೆಗೆ ಮಳೆಗಾಳಿ ಹತ್ತಿರವಾದಂತೆ ಕಡಲು ಕೆರಳುತ್ತದೆ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳಿಗೆ ಮೀನುಗಾರಿಕೆಯೇ ನಿಷಿದ್ಧ. ಕಡಲನ್ನೇ ನಂಬಿ ಬದುಕುವವರು ಬೇಡವೆಂದ ಹೊತ್ತಿನಲ್ಲಿ ನಾವು ಇಳಿಯುವುದು ಶೌರ್ಯವಲ್ಲ.

ಮಕ್ಕಳ ಆಟವನ್ನೇ ತಡೆಯಬೇಕೆಂದು ಇದರ ಅರ್ಥವಲ್ಲ. ನಾರಾಯಣಪಂಡಿತಾಚಾರ್ಯರ ಸುಮಧ್ವವಿಜಯದ ಮೂರನೆಯ ಸರ್ಗವನ್ನು ನೋಡಿರಿ. ಓಟ, ನೆಗೆತ, ಈಜು, ಮಲ್ಲಯುದ್ಧಗಳಲ್ಲಿ ಬಾಲಕ ವಾಸುದೇವನಿಗೆ ಸಮಾನರಿರಲಿಲ್ಲ. ಮುಂದೆ ಆಚಾರ್ಯ ಮಧ್ವರಾಗಿ ಸರ್ವಮೂಲವನ್ನು ರಚಿಸಿದವರೂ ಆ ಬಾಲಕರೇ. ಅದೇ ಸರ್ಗದಲ್ಲಿ ಇನ್ನೊಂದು ಪ್ರಸಂಗವಿದೆ. ಬಂಧುಗಳ ಮನೆಯ ಉತ್ಸವದ ಗದ್ದಲದಲ್ಲಿ ಎಳೆಯ ವಾಸುದೇವ ಒಬ್ಬನೇ ಹೊರಟು, ದಾರಿಯ ದೇವಾಲಯಗಳಲ್ಲಿ ಹರಿಗೆ ನಮಿಸುತ್ತ ರಜತಪೀಠಪುರವನ್ನು ಸೇರಿದ. ಹುಡುಕಿ ಬಂದ ತಂದೆ, ಜೊತೆಗೆ ಯಾರಿದ್ದರೆಂದು ಕೇಳಿದಾಗ, ಹರಿಯೇ ತನ್ನೊಡನೆ ಬಂದನೆಂದು ಮಗು ಹೇಳಿತು. ಪ್ರವಚನಗಳಲ್ಲಿ ಮಗುವಿನ ಉತ್ತರಕ್ಕೆ ನಾವೆಲ್ಲ ತಲೆದೂಗುತ್ತೇವೆ. ತಂದೆಯಾದ ಮಧ್ಯಗೇಹಭಟ್ಟರನ್ನೂ ತುಸು ಗಮನಿಸಬೇಕು. ಹರಿ ಕಾಯುವನೆಂದು ಅವರು ಹಬ್ಬದೂಟಕ್ಕೆ ಕುಳಿತಿರಲಿಲ್ಲ. ದಾರಿಯಲ್ಲಿ ಕಂಡಕಂಡವರನ್ನು ವಿಚಾರಿಸುತ್ತ ನಡೆದಿದ್ದರು. ಜಾತ್ರೆಯಂತಿರುವ ತೀರದಲ್ಲಿ ಮಕ್ಕಳನ್ನು ಬಿಟ್ಟು ಭಾವಚಿತ್ರದಲ್ಲಿ ಮೈಮರೆಯುವ ತಂದೆತಾಯಿಗಳು ಆ ಭಟ್ಟರ ಕಾಲ್ನಡಿಗೆಯನ್ನು ನೆನೆಯಲಿ.

ಹೊರಡುವ ಮೊದಲು ಪಂಚಾಂಗವನ್ನು ನೋಡಿರಿ; ರೈಲಿನ ಚೀಟಿ ಕೊಂಡ ಮೇಲೆ ಏಕಾದಶಿ ಕಂಡು ಪರದಾಡುವುದು ಬೇಡ. ಅವಲಕ್ಕಿ, ಹುರಿಹಿಟ್ಟು ಜೊತೆಗಿರಲಿ. ಹಾದಿಯಲ್ಲಿ ಕೊಂಡ ಮಾವಿನಹಣ್ಣು ಮೊದಲು ದೇವರಿಗೆ, ಆಮೇಲೆ ಮಕ್ಕಳಿಗೆ. ಬೆಲ್ಲ, ಏಲಕ್ಕಿ, ನಿಂಬೆ ಒಯ್ದರೆ ಪಾನಕ ಎಲ್ಲಿಯಾದರೂ ಆದೀತು. ತೀರದಲ್ಲಿ ಸೀಟಿ ಹಿಡಿದು, ನೆತ್ತಿ ಸುಡುವ ಬಿಸಿಲಿನಲ್ಲಿ ಪರರ ಮಕ್ಕಳನ್ನು ಕಾಯುತ್ತ ನಿಂತಿರುವ ರಕ್ಷಕರಿರುತ್ತಾರೆ. ಅವರು ಮೇಲೆ ಬನ್ನಿರೆಂದಾಗ ವಾದಿಸದೆ ಮೇಲೆ ಬನ್ನಿರಿ. ವೈಶಾಖದ ಉದಕದಾನಕ್ಕೆ ಪಾತ್ರರಾದವರನ್ನು ಹುಡುಕಿಕೊಂಡು ಮತ್ತೆಲ್ಲಿಗೂ ಹೋಗಬೇಕಾಗಿಲ್ಲ; ಆ ಪಾನಕದ ಲೋಟವನ್ನು ಮಕ್ಕಳ ಕೈಯಿಂದಲೇ ಅವರಿಗೆ ಕೊಡಿಸಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥