ಬದುಕಿಸಿದ ಮರಿಯು ಯಾರದು?



ಗೂಡಿನಿಂದ ಬಿದ್ದ ಗಿಳಿಮರಿಯನ್ನಾಗಲಿ ಮಳೆಯಲ್ಲಿ ನೆನೆದ ಅಳಿಲುಮರಿಯನ್ನಾಗಲಿ ಮಕ್ಕಳು ಮನೆಗೆ ತರುವದು ನಾವೆಲ್ಲರೂ ಕಂಡ ಸಂಗತಿಯೇ. ತಂದ ಕೂಡಲೇ ಅವರು, ಇದನ್ನು ನಾವು ಇಟ್ಟುಕೊಳ್ಳಬಹುದೋ ಎಂದು ಕೇಳುತ್ತಾರೆ. ಈ ಪ್ರಶ್ನೆಯು ಚಿಕ್ಕದಾಗಿ ತೋರಿದರೂ ಅದರೊಳಗೆ ದೊಡ್ಡದೊಂದು ಅಡಗಿದೆ. ಒಂದು ಜೀವವನ್ನು ಸಾವಿನಿಂದ ತಪ್ಪಿಸಿದವನಿಗೆ ಆ ಜೀವದ ಮೇಲೆ ಹಕ್ಕು ಹುಟ್ಟುತ್ತದೆಯೋ?

ಬಹು ದೂರದ ಒಂದು ದ್ವೀಪದ ಮಕ್ಕಳು ಇದಕ್ಕೆ ತಮ್ಮ ಕೈಗಳಿಂದಲೇ ಉತ್ತರ ಕೊಡುತ್ತಾರೆ. ಐಸ್‌ಲೆಂಡ್ ದೇಶದ ದಕ್ಷಿಣಕ್ಕೆ ಸಮುದ್ರದಲ್ಲಿ ವೆಸ್ಟ್‌ಮನ್ ದ್ವೀಪಗಳೆಂಬವು ಉಂಟು. ಅವುಗಳಲ್ಲಿ ಹೇಮಾಯ್ ಎಂಬ ಒಂದರಲ್ಲಿ ಮಾತ್ರ ಊರಿದೆ. ಅಲ್ಲಿಯ ಕಡಿದಾದ ಗುಡ್ಡಗಳಲ್ಲಿ ಪಫಿನ್ ಎಂಬ ಕಡಲಹಕ್ಕಿಯು ಬಿಲ ತೋಡಿ ಒಂದೇ ಒಂದು ಮೊಟ್ಟೆಯನ್ನಿಡುತ್ತದೆ. ತಾಯಿತಂದೆಗಳೆರಡೂ ಸುಮಾರು ಆರು ವಾರ ಮೀನು ತಂದು ಮರಿಯನ್ನು ಸಾಕುತ್ತವೆ. ಬಳಿಕ ಆ ಮರಿಯು ರಾತ್ರಿಯ ಹೊತ್ತು ಒಬ್ಬಂಟಿಯಾಗಿ ಬಿಲವನ್ನು ಬಿಟ್ಟು ಸಮುದ್ರಕ್ಕೆ ಹೊರಡುತ್ತದೆ. ಆದರೆ ಊರಿನ ದೀಪಗಳು ಅದನ್ನು ದಾರಿ ತಪ್ಪಿಸುವದರಿಂದ, ಕಡಲಿಗೆ ಇಳಿಯಬೇಕಾದದ್ದು ಬೀದಿಗೆ ಇಳಿಯುತ್ತದೆ. ಅಲ್ಲಿಂದ ಮತ್ತೆ ಹಾರಲಾರದೆ ಬೆಕ್ಕಿನ ಬಾಯಿಗೋ ವಾಹನದ ಚಕ್ರಕ್ಕೋ ಸಿಕ್ಕುತ್ತದೆ.

ಆದದರಿಂದ ಆಗಸ್ಟ್ ಮತ್ತು ಸಪ್ಟೆಂಬರ್ ತಿಂಗಳುಗಳಲ್ಲಿ ಅಲ್ಲಿಯ ಮಕ್ಕಳು ಟಾರ್ಚನ್ನೂ ರಟ್ಟಿನ ಪೆಟ್ಟಿಗೆಯನ್ನೂ ಹಿಡಿದು, ಹೆತ್ತವರೊಡನೆ ನಡುರಾತ್ರಿಯ ತನಕ ಬೀದಿಬೀದಿಗಳಲ್ಲಿ ಹುಡುಕುತ್ತಾರೆ. ಸಿಕ್ಕಿದ ಮರಿಯನ್ನು ಆ ರಾತ್ರಿ ಪೆಟ್ಟಿಗೆಯಲ್ಲಿ ಕಾಪಾಡುತ್ತಾರೆ. 2003ರಿಂದ ಅಂಥ ಮರಿಗಳನ್ನು ತೂಗಿ ಲೆಕ್ಕ ಬರೆದಿಡುವ ಪದ್ಧತಿಯೂ ಉಂಟು. ಮರುದಿನ ದೀಪದ ಮೋಸವಿಲ್ಲದ ಹಗಲಿನಲ್ಲಿ ಕಡಲತೀರಕ್ಕೆ ಒಯ್ದು ಗಾಳಿಯಲ್ಲಿ ಮೇಲಕ್ಕೆ ತೂರಿಬಿಡುತ್ತಾರೆ. ಮರಿಯು ನೀರಿಗೆ ಸೇರುತ್ತದೆ. ಪೆಟ್ಟಿಗೆಯು ಬರಿದಾಗಿ ಮನೆಗೆ ಬರುತ್ತದೆ.

ಇದಕ್ಕೆ ಒಂದು ಆಕ್ಷೇಪವನ್ನು ಹೇಳಬಹುದು. ಅದೇ ದ್ವೀಪದವರು ಬೆಳೆದ ಪಫಿನ್‌ಗಳನ್ನು ಬಲೆಯಿಂದ ಹಿಡಿದು ತಿನ್ನುವ ವಾಡಿಕೆಯೂ ಉಂಟಲ್ಲವೇ? ಹೌದು, ಉಂಟು. ಇದಲ್ಲದೆ ಸುಮಾರು 2005ರ ತರುವಾಯ ಅಲ್ಲಿ ಮರಿಗಳ ಆಹಾರವಾದ ಸಣ್ಣ ಮೀನು ಕಡಿಮೆಯಾಗಿ ಅನೇಕ ವರುಷ ಮರಿಗಳೇ ವಿರಳವಾದವು. ಆ ಕೊರತೆಯನ್ನು ಮಕ್ಕಳ ಪೆಟ್ಟಿಗೆಗಳು ನೀಗಿಸಲಾರದೆ ಹೋದವು. ಆದಾಗ್ಯೂ ಬೀದಿಯಲ್ಲಿ ಬಿದ್ದ ಮರಿಯ ಸಂಗತಿಯು ಬೇರೆ. ಅದನ್ನು ಅಲ್ಲಿ ಬೀಳಿಸಿದ್ದು ಮನುಷ್ಯನ ದೀಪವೇ. ಹೀಗಿರಲಾಗಿ ಅದನ್ನು ಎತ್ತುವದು ಧರ್ಮಕ್ಕೆ ಕೊಟ್ಟ ದಾನವಲ್ಲ, ತೀರಿಸತಕ್ಕ ಸಾಲ. ಸಾಲ ತೀರಿಸಿದವನು ಪ್ರತಿಫಲ ಕೇಳುವದುಂಟೋ?

ನಮ್ಮ ಅಂಗಳದ ಮರಿಗೂ ಇದೇ ನ್ಯಾಯ. ರೆಕ್ಕೆ ಬಲಿಯುತ್ತಿರುವ ಮರಿಯು ನೆಲದಲ್ಲಿ ಕಂಡರೆ ಅನೇಕ ಸಾರಿ ಅದರ ತಾಯಿತಂದೆಗಳು ಸಮೀಪದಲ್ಲೇ ಇರುತ್ತವೆ. ಆಗ ಬೆಕ್ಕುನಾಯಿಗಳನ್ನು ದೂರವಿಟ್ಟು ಸುಮ್ಮನಿರುವದೇ ಸಹಾಯ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸತಕ್ಕದ್ದು. ಗಿಳಿಯನ್ನು ಪಂಜರದಲ್ಲಿ ಸಾಕುವದನ್ನು 1972ರ ವನ್ಯಜೀವಿ ಕಾಯಿದೆಯೂ ಒಪ್ಪುವದಿಲ್ಲ. ಬಿಡುವಾಗ ಮಗುವಿನ ಕಣ್ಣು ತುಂಬಿದರೆ ಗದರಿಸಬೇಡಿರಿ. ಆ ದುಃಖವು ಪ್ರೀತಿಯ ಗುರುತೇ. ಆದರೆ ಪ್ರೀತಿಯು ಒಡೆತನವಲ್ಲವೆಂಬದನ್ನು ಅದು ಆಗಲೇ ಕಲಿಯಬೇಕು.

ಯಾಕಂದರೆ ಇದನ್ನು ಎಳೆತನದಲ್ಲಿ ಕಲಿಯದವರು ದೊಡ್ಡವರಾದ ಮೇಲೆ ಮನುಷ್ಯರನ್ನೇ ಪಂಜರದಲ್ಲಿಡುತ್ತಾರೆ. ತಬ್ಬಲಿ ಹುಡುಗನಿಗೆ ಅನ್ನವಿಟ್ಟವನು ಅವನನ್ನು ಕೂಲಿಯಿಲ್ಲದ ಆಳಾಗಿ ದುಡಿಸುವದುಂಟು. ಬರಗಾಲದಲ್ಲಿ ಕಾಳು ಕೊಟ್ಟವನು ಹತ್ತು ವರುಷದ ಮೇಲೂ, ನಾನಿಲ್ಲದಿದ್ದರೆ ನೀನು ಎಲ್ಲಿರುತ್ತಿದ್ದೆ ಎಂದು ಪಂಚಾಯತಿಯಲ್ಲಿ ಬಡವನ ಬಾಯಿ ಮುಚ್ಚಿಸುವದುಂಟು. ಅಂಥವರು ಮರಿಯನ್ನು ಬೀದಿಯಿಂದ ಎತ್ತಿದ್ದು ನಿಜ, ಸಮುದ್ರಕ್ಕೆ ಬಿಡಲಿಲ್ಲ.

ಪ್ರಿಯರೇ, ನಾವು ಯಾರಿಗಾದರೂ ಸಹಾಯ ಮಾಡಿದ್ದರೆ ಅವರು ನಮ್ಮ ಹಂಗಿಲ್ಲದೆ ತಲೆಯೆತ್ತಿ ನಡೆಯುವರೋ ಎಂದು ನೋಡೋಣ. ಹಾಗೆ ನಡೆಯುವದಾದರೆ ನಮ್ಮ ಸಹಾಯವು ಪೂರ್ತಿಯಾಯಿತು.